ಮೂಲೆಯಿಂದ ಮೂಲೆಗೆ ಹಿಡಿದ ದಾರ

ನಾನು ಶಾಲೆ ಬಿಟ್ಟದ್ದು ಸಮಾಂತರ ಚತುರ್ಭುಜದ ಹತ್ತಿರ. ಒಂಬತ್ತನೇ ಇಯತ್ತೆಯ ರೇಖಾಗಣಿತದಲ್ಲಿ ಆ ಪಾಠ ಅರ್ಧಕ್ಕೆ ಬಂದಿತ್ತು. ಎದುರುಬದುರಿನ ಒಂದು ಜೋಡಿ ಬಾಹುಗಳು ಸಮವೂ ಸಮಾಂತರವೂ ಆಗಿದ್ದರೆ ಅದು ಸಮಾಂತರ ಚತುರ್ಭುಜ ಎಂಬುದು ನನ್ನ ನೋಟ್‌ಬುಕ್ಕಿನ ಕಡೆಯ ಸಾಲು. ಆಯತ, ವರ್ಗ, ವಜ್ರಾಕೃತಿ ಎಲ್ಲ ಮುಂದಿನ ವಾರ ಎಂದು ಮಾಸ್ತರರು ಹೇಳಿದ್ದರು. ಆ ಮುಂದಿನ ವಾರ ನನಗೆ ಬರಲಿಲ್ಲ. ಅಪ್ಪ ತೀರಿಕೊಂಡ. ಅಫಜಲಪುರ ತಾಲ್ಲೂಕಿನ ನಮ್ಮೂರು ಬಿಟ್ಟು ಅವ್ವ, ನಾನು, ನನಗಿಂತ ಏಳು ವರ್ಷ ಚಿಕ್ಕವಳಾದ ತಂಗಿ, ಮೂವರೂ ಆಳಂದದಲ್ಲಿದ್ದ ಸೋದರಮಾವನ ಆಸರೆಗೆ ಬಂದೆವು.

ಮಾವ ಫರಸಿ ಹಾಕುವ ಗೌಂಡಿ. ಗೋಡೆ ಕಟ್ಟುವವರು ಬೇರೆ, ಅವರು ಕಟ್ಟಿ ಹೋದ ಮೇಲೆ ನೆಲಕ್ಕೆ ಕಲ್ಲು ಹಾಸುವವರು ನಾವು. ಮೊದಲ ಎರಡು ವರ್ಷ ಮಾವ ನನ್ನಿಂದ ಬರೀ ಕಲ್ಲು ಹೊರಿಸಿದ. ಮೂರನೇ ವರ್ಷ ದಾರ ಕೈಗೆ ಕೊಟ್ಟ. ಆ ದಾರವೇ ನಮ್ಮ ಕಸುಬಿನ ಅರ್ಧ ವಿದ್ಯೆ. ಖೋಲಿಯ ಒಂದು ಮೂಲೆಯಿಂದ ಎದುರು ಮೂಲೆಗೆ ದಾರ ಬಿಗಿಯಾಗಿ ಹಿಡಿದು ಗಂಟು ಹಾಕಬೇಕು, ಅದೇ ದಾರವನ್ನು ಉಳಿದ ಎರಡು ಮೂಲೆಗೆ ಹಿಡಿಯಬೇಕು. ಗಂಟು ಸರಿಯಾಗಿ ಮೂಲೆಗೆ ಬಂದು ಕೂತರೆ ಖೋಲಿ ಬರೋಬ್ಬರಿ ಇದೆ ಎಂದು ಅರ್ಥ, ಕಣ್ಣು ಮುಚ್ಚಿ ಕಲ್ಲು ಹಾಸುತ್ತ ಹೋಗಬಹುದು. ಗಂಟು ಆಚೀಚೆ ಆದರೆ ಗೋಡೆ ಕಟ್ಟಿದವನನ್ನು ಕರೆಸಿ ಬೈಯಬೇಕು. ಆ ದಾರಕ್ಕೆ ಪುಸ್ತಕದಲ್ಲಿ ಕರ್ಣ ಎಂಬ ಹೆಸರಿದೆ ಎಂಬುದು ಮಾವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದದ್ದಕ್ಕೇ ನನಗೆ ಒಳಗೊಳಗೆ ದೊಡ್ಡ ಗರ್ವ.

ಕೆಲಸದಲ್ಲಿ ನಾನು ಯಾರಿಗೂ ಕಡಿಮೆ ಆಗಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆಳಂದದ ತೊಗರಿ ವ್ಯಾಪಾರಸ್ಥರ ಮನೆಗಳಲ್ಲಿ ನಾನು ಹಾಸಿದ ನೆಲ ಇಂದಿಗೂ ಇದೆ, ನೀರು ಚೆಲ್ಲಿದರೆ ಒಂದೇ ಕಡೆ ಹರಿದು ಬಚ್ಚಲಿಗೆ ಹೋಗುತ್ತದೆ. ಇಪ್ಪತ್ತರ ಹೊತ್ತಿಗೆ ಜನ ಮಾವನನ್ನು ಬಿಟ್ಟು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು.

ತಂಗಿ ಹೈಸ್ಕೂಲಿಗೆ ಹೋದಳು. ಅವಳನ್ನು ಓದಿಸುವವನು ನಾನು, ಹಾಗಾಗಿ ಅವಳ ಓದು ಅರ್ಧ ನನ್ನದು ಎಂದೇ ತಿಳಿದಿದ್ದೆ. ಉಳಿದ ವಿಷಯಗಳಲ್ಲಿ ಅವಳು ಹುಷಾರು, ಗಣಿತ ಒಂದು ಅವಳ ಕಾಲು ಹಿಡಿದು ಎಳೆಯುತ್ತಿತ್ತು. ಹತ್ತನೇ ಇಯತ್ತೆಗೆ ಬಂದಾಗ ಮನೆಯಲ್ಲಿ ಒಂದು ಮಾತಾಯಿತು. ಜೇವರ್ಗಿ ಕಡೆಯ ಇಜೇರಿಯಿಂದ ಒಂದು ಸಂಬಂಧ ಕೇಳಿಕೊಂಡು ಬಂದಿತ್ತು. ಹೊಲಮನೆ ಇದ್ದವರು, ಹುಡುಗನೂ ಒಳ್ಳೆಯವನು. ಅವ್ವನಿಗೆ ಮನಸ್ಸಿತ್ತು. ತಂಗಿಗೆ ಕನ್ನಡ ಶಾಲೆಯ ಟೀಚರ್ ಆಗುವ ಆಸೆ. ಕಡೆಗೆ ಮಾವ ನಡುವೆ ಬಂದು ತೀರ್ಮಾನ ಹೇಳಿದ. ಹತ್ತು ಪಾಸಾದರೆ ಮುಂದೆ ಟೀಚರ್ ತರಬೇತಿಗೆ ಕಳಿಸೋಣ, ನಪಾಸಾದರೆ ಇಜೇರಿಗೆ ಕೊಡೋಣ. ಎಲ್ಲರೂ ಹೂಂ ಅಂದೆವು.

ಆ ವರ್ಷದ ಸಂಜೆಗಳು ಈಗಲೂ ನನ್ನ ಕಣ್ಣ ಮುಂದೆ ಬರುತ್ತವೆ. ಐದರ ಸುಮಾರಿಗೆ ಕೆಲಸ ಬಿಟ್ಟು, ಒಡೆದು ಉಳಿದ ಫರಸಿಯ ಎರಡು ಮೂರು ತುಂಡು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮನೆಗೆ ಬರುತ್ತಿದ್ದೆ. ಅವೇ ನಮ್ಮ ಪಾಟಿ. ಬಾಗಿಲ ಮುಂದಿನ ಕಟ್ಟೆಯ ಮೇಲೆ ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ಕೂಡುತ್ತಿದ್ದೆವು. ಅವಳು ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು ಸುಣ್ಣದ ಹರಳಿನಿಂದ ಕಲ್ಲಿನ ಮೇಲೆ ಚತುರ್ಭುಜ ಬರೆಯುತ್ತಿದ್ದಳು. ನಾನು ಕಿಸೆಯಿಂದ ದಾರ ತೆಗೆದು ಅಳೆಯುತ್ತಿದ್ದೆ. ವಜ್ರಾಕೃತಿಯ ಕರ್ಣಗಳು ಲಂಬವಾಗಿ ಕತ್ತರಿಸುತ್ತವೆ ಎಂದು ಅವಳು ಓದಿದರೆ ನಾನು ಗೌಂಡಿಯ ಮೂಲೆಮಟ್ಟ ಇಟ್ಟು ನೋಡಿ, ಹೌದು ಅನ್ನುತ್ತಿದ್ದೆ. ನನಗೆ ತಪ್ಪಿಹೋಗಿದ್ದ ಆ ಮುಂದಿನ ವಾರ ಎಂಟು ವರ್ಷ ತಡವಾಗಿ ನಮ್ಮ ಕಟ್ಟೆಗೇ ಬಂದಂತಿತ್ತು. ಅವ್ವ ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುವವರೆಗೆ ನಮ್ಮ ಶಾಲೆ. ಬೆಳಿಗ್ಗೆ ತಂಗಿ ಆ ಕಲ್ಲುಗಳನ್ನು ತೊಳೆದು ಗೋಡೆಗೆ ಆನಿಸಿ ಇಡುತ್ತಿದ್ದಳು.

ಒಂದು ಲೆಕ್ಕ ಮಾತ್ರ ಇಬ್ಬರಿಗೂ ಬಗ್ಗಲಿಲ್ಲ. ಯಾವ ಚತುರ್ಭುಜವನ್ನೇ ತೆಗೆದುಕೊಂಡರೂ ಅದರ ನಾಲ್ಕು ಬಾಹುಗಳ ಮಧ್ಯಬಿಂದುಗಳನ್ನು ಸೇರಿಸಿದರೆ ಒಳಗೆ ಸಮಾಂತರ ಚತುರ್ಭುಜ ಬರುತ್ತದೆ, ಸಾಧಿಸಿ ಎಂದಿತ್ತು. ನಾನು ಹಟದಿಂದ ಸೊಟ್ಟ ಸೊಟ್ಟ ಆಕಾರ ಬರೆದೆ. ಒಂದು ಬಾಹು ಗೇಣುದ್ದ, ಒಂದು ಬೆರಳುದ್ದ. ದಾರ ಮಡಚಿ ನಡು ಹಿಡಿದು ನಾಲ್ಕು ಚುಕ್ಕೆ ಇಟ್ಟು ಸೇರಿಸಿದೆ. ಎಷ್ಟು ಸೊಟ್ಟ ಬರೆದರೂ ಒಳಗಿನದು ನೆಟ್ಟಗೇ ಬಂತು. ಅಳತೆಗೆ ಬಂತಲ್ಲ, ಇನ್ನೇನು ಬೇಕು ಎಂದೆ.

“ಅಳದ್ರ ಆಗಂಗಿಲ್ಲಣ್ಣ,” ಅಂದಳು ತಂಗಿ. “ಸಾಧಸಬೇಕು. ನೀ ಅಳದದ್ದು ಹತ್ತು. ಹನ್ನೊಂದನೇದು ಬ್ಯಾರೆ ಬಂದ್ರ?”

“ಬರಂಗಿಲ್ಲ.”

“ಯಾಕ ಬರಂಗಿಲ್ಲ? ಅದನ್ನೇ ಬರೀ ಅಂತಾರ ಅವರು.”

ಅಂದು ನಾನು ಸಿಟ್ಟಿನಿಂದ ಮೊಳೆ ತೆಗೆದುಕೊಂಡು ಆ ಆಕಾರವನ್ನು ಕಲ್ಲಿನ ಮೇಲೆ ಕೊರೆದೇ ಬಿಟ್ಟೆ, ತೊಳೆದರೂ ಹೋಗದಂತೆ. ಬಗೆಹರಿಯುವವರೆಗೆ ಕಣ್ಣ ಮುಂದೆ ಇರಲಿ ಎಂದೆ. ಬಗೆಹರಿಯಲಿಲ್ಲ. ಅವ್ವ ಆ ಕಲ್ಲಿನ ಮೇಲೆ ನೀರಿನ ಕೊಡ ಇಡತೊಡಗಿದಳು.

ಪರೀಕ್ಷೆಯ ದಿನ ಮಧ್ಯಾಹ್ನ ನಾನು ಕೆಲಸ ಬಿಟ್ಟು ಶಾಲೆಯ ಮುಂದೆ ನಿಂತಿದ್ದೆ. ಹೊರಗೆ ಬಂದವಳು ಪ್ರಶ್ನೆಪತ್ರಿಕೆ ತೋರಿಸಿದಳು. ನಾಲ್ಕು ಅಂಕದ ಒಂದು ಪ್ರಶ್ನೆ ಹೀಗಿತ್ತು: ಒಂದು ಚತುರ್ಭುಜದ ಎರಡೂ ಕರ್ಣಗಳು ಸಮವಾಗಿದ್ದರೆ ಅದು ಆಯತವೇ ಆಗಿರಬೇಕೇ, ಕಾರಣ ಕೊಡಿ. ಓದಿ ನನಗೆ ಹಬ್ಬವಾಯಿತು. ನನ್ನ ದಾರದ ಮಾತನ್ನೇ ಕೇಳಿದ್ದರು. ಏನು ಬರೆದೆ ಎಂದೆ. ಹೌದು, ಆಯತವೇ ಆಗಿರಬೇಕು ಎಂದು ಬರೆದು, ನಾನು ಹೇಳಿಕೊಟ್ಟಂತೆ ಖೋಲಿಯ ಚಿತ್ರವನ್ನೂ ಬರೆದಿದ್ದಳು. ಆ ಹೊತ್ತಿಗೆ ಅವಳ ಮುಖದಲ್ಲಿ ಸ್ವಲ್ಪ ಅನುಮಾನ ಇತ್ತು ಎಂದು ಈಗ ಅನಿಸುತ್ತದೆ. ನಾನು ನೋಡಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿ ಸೂಸಲಾ ತಿನ್ನಿಸಿದೆ.

ಫಲಿತಾಂಶ ಬಂತು. ಗಣಿತದಲ್ಲಿ ಪಾಸಾಗಲು ಮೂವತ್ತೈದು ಬೇಕು, ಅವಳಿಗೆ ಮೂವತ್ತೊಂದು ಬಿದ್ದಿತ್ತು.

ಆ ಒಂದು ಪ್ರಶ್ನೆಯಿಂದಲೇ ಹೀಗಾಯಿತು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ, ಬೇರೆಯವೂ ತಪ್ಪಿರಬಹುದು. ಆದರೆ ನಾನು ಆಮೇಲೆ ಮಾಡಿದ್ದು ನನಗೆ ಗೊತ್ತಿದೆ. ಕೆಲಸದ ಅಂಗಿಯಲ್ಲೇ, ಕೈಗೆ ಸಿಮೆಂಟ್ ಮೆತ್ತಿಕೊಂಡೇ, ಅವಳ ಗಣಿತದ ಮಾಸ್ತರರ ಮನೆಗೆ ಹೋದೆ. ಅವರು ಕುರ್ಚಿ ಹಾಕಿಸಿದರು. ಕರ್ಣ ಸಮ ಇದ್ದ ಮಾತ್ರಕ್ಕೆ ಆಯತ ಆಗುವುದಿಲ್ಲ ಎಂದು ಮೆಲ್ಲಗೆ ಶುರು ಮಾಡಿದರು. ನಾನು ಕೂಡಲಿಲ್ಲ.

“ನೀವು ಹಲಗಿ ಮ್ಯಾಲ ಬರೀತೀರಿ ಸರ್, ನಾ ನೆಲದ ಮ್ಯಾಲ ಹಾಕ್ತೇನಿ,” ಅಂದೆ. “ಎಂಟು ವರ್ಷ ಆತು. ಒಂದು ಖೋಲಿ ಸುಳ್ಳು ಹೇಳಿಲ್ಲ ನನಗ.”

ಅವರು ನಕ್ಕರು, ಕುಹಕದ ನಗೆ ಅಲ್ಲ. “ನಿನಗ ಸಿಕ್ಕ ಖೋಲಿ ಎಲ್ಲಾ ಒಳ್ಳೇವಿದ್ವು ತಮ್ಮಾ. ಎಂದಾರ ಎದುರುಬದುರು ಗೋಡಿ ಅಳದು ನೋಡೀಯೇನು?”

ಗೋಡೆ ಅಳೆಯುವುದು ನನ್ನ ಕೆಲಸವಲ್ಲ, ಅದು ಕಟ್ಟುವವರ ಕೆಲಸ ಎಂದು ಹೇಳಿ ಹೊರಟುಬಂದೆ. ಉತ್ತರ ಮಾಸ್ತರರ ಆ ಪ್ರಶ್ನೆಯಲ್ಲೇ ಇತ್ತು. ಕೈಯಲ್ಲಿ ಕೊಟ್ಟರೂ ನಾನು ತೆಗೆದುಕೊಳ್ಳಲಿಲ್ಲ.

ಅಕ್ಟೋಬರಿನಲ್ಲಿ ಮತ್ತೊಮ್ಮೆ ಪರೀಕ್ಷೆ ಕಟ್ಟಬಹುದಿತ್ತು. ಮಾವನೇ ಇನ್ನೊಂದು ಸಲ ನೋಡೋಣ ಎಂದಿದ್ದ, ಇಜೇರಿಯವರು ದೀಪಾವಳಿಯವರೆಗೆ ಕಾಯಲು ತಯಾರಿದ್ದರು. ತಂಗಿ ಅರ್ಜಿಯ ಕಾಗದ ತಂದು ನನ್ನ ಮುಂದೆ ಇಟ್ಟಳು. ಆ ದಿನ ನಾನು ಆಡಿದ ಮಾತು ಇಲ್ಲಿ ಬರೆಯಲೇಬೇಕು.

“ಬರೋಬ್ಬರಿ ಬರದಾಕಿ ಎರಡನೇ ಸಲ ಯಾಕ ಕೂಡಬೇಕು? ಕೂತ್ರ ಗಲತ್ ಅಂತ ನಾವೇ ಒಪ್ಪಿದಂಗ. ಅವರು ತಿದ್ದಲಿ.”

ಅವರು ಅಂದರೆ ಯಾರು, ಎಲ್ಲಿ ತಿದ್ದಬೇಕು, ಅದೂ ನನಗೆ ಗೊತ್ತಿರಲಿಲ್ಲ. ಮರುಎಣಿಕೆಗೆ ಬರೆದೆ. ಅಂಕ ಅಷ್ಟೇ ಎಂದು ಕಾಗದ ಬಂತು. ಅಷ್ಟರಲ್ಲಿ ಅರ್ಜಿಯ ದಿನ ದಾಟಿತ್ತು. ತಂಗಿ ಗೋಡೆಗೆ ಆನಿಸಿದ್ದ ಕಲ್ಲುಗಳನ್ನು ಒಂದೊಂದಾಗಿ ಹಿತ್ತಲಿಗೆ ಒಯ್ದು ಬಚ್ಚಲ ಮುಂದೆ ಹಾಸಿದಳು. ಕೊಡದ ಕೆಳಗಿನದು ಒಂದು ಉಳಿಯಿತು. ದೀಪಾವಳಿ ಕಳೆದ ಮೇಲೆ ಅವಳ ಮದುವೆಯಾಯಿತು.

ಅವಳು ಹೋದ ಮೇಲೆ ಐದರ ಹೊತ್ತು ನನಗೆ ಶತ್ರುವಾಯಿತು. ರೂಢಿಯ ಕೈ ಫರಸಿಯ ತುಂಡು ಸೈಕಲ್ಲಿಗೆ ಕಟ್ಟಲು ಹೋಗುತ್ತಿತ್ತು. ಕೆಲಸ ಮುಗಿದರೂ ಏಳರವರೆಗೆ ಸಂದು ತುಂಬುತ್ತ ಕೂಡುತ್ತಿದ್ದೆ. ಎಷ್ಟು ದುಡಿಯುತ್ತಾನೆ ನೋಡು ಎಂದು ಜನ ಹೊಗಳಿದರು. ಇಜೇರಿಗೆ ಹೋದಾಗ ಅವಳು ನಗುನಗುತ್ತಲೇ ಇದ್ದಳು. ಗಂಡ ಸಜ್ಜನ, ಮನೆಯಲ್ಲಿ ಕಾಳುಕಡಿಗೆ ಕೊರತೆ ಇರಲಿಲ್ಲ. ಹೊಲಿಗೆ ಕಲಿತು ಓಣಿಯ ಹೆಂಗಸರಿಗೆಲ್ಲ ಕುಬಸ ಹೊಲಿದು ಕೊಡುತ್ತಿದ್ದಳು. ನಾವು ಮಳೆ, ತೊಗರಿ, ಅವ್ವನ ಮೊಣಕಾಲು ಎಲ್ಲದರ ಬಗ್ಗೆ ಮಾತಾಡುತ್ತಿದ್ದೆವು. ಚತುರ್ಭುಜದ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.

ಹತ್ತು ವರ್ಷ ಹೀಗೇ ಹೋದ ಮೇಲೆ ಚೌಡಾಪುರದಲ್ಲಿ ಒಂದು ಕೆಲಸ ಸಿಕ್ಕಿತು. ಗಾಣಗಾಪುರಕ್ಕೆ ಹೋಗುವ ಜನ ಇಳಿಯುವ ಜಾಗದಲ್ಲಿ ಒಬ್ಬರು ಹೊಸದಾಗಿ ಖಾನಾವಳಿ ಕಟ್ಟಿಸಿದ್ದರು. ಉದ್ದನೆಯ ಖೋಲಿ. ಹೋದವನೇ ಮೂಲೆಯಿಂದ ಮೂಲೆಗೆ ದಾರ ಹಿಡಿದೆ, ಗಂಟು ಹಾಕಿದೆ, ಉಳಿದ ಎರಡು ಮೂಲೆಗೆ ಹಿಡಿದೆ. ಗಂಟು ಕೂದಲಷ್ಟೂ ಆಚೀಚೆ ಆಗದೆ ಮೂಲೆಗೆ ಬಂದು ಕೂತಿತು. ಗೋಡೆ ಕಟ್ಟಿದವನನ್ನು ಮನಸ್ಸಿನಲ್ಲೇ ಹೊಗಳಿ, ಬಾಗಿಲ ಕಡೆಯ ಗೋಡೆಗೆ ಹೊಂದಿಸಿ ಸಾಲು ಶುರು ಮಾಡಿದೆ.

ನಾಲ್ಕು ಸಾಲು ಆಗುವ ಹೊತ್ತಿಗೆ ಎರಡೂ ಬದಿಯ ಕಲ್ಲು ಗೋಡೆಗೆ ಹಾಯತೊಡಗಿದವು. ಸುತ್ತಿಗೆಯಿಂದ ಅಂಚು ಒಡೆದು ಕೂಡಿಸಿದೆ. ಮುಂದಿನ ಸಾಲಿಗೆ ಇನ್ನಷ್ಟು ಒಡೆಯಬೇಕಾಯಿತು. ಮತ್ತೆ ದಾರ ಹಿಡಿದೆ, ಮತ್ತೆ ಸಮ ಬಂತು. ನಡುವೆ ಬಂದು ನಿಂತ ಖಾನಾವಳಿ ಮಾಲೀಕರು ನೋಡಿ ನಕ್ಕರು.

“ಏನ್ರಿ ಗೌಂಡಿ, ಕಲ್ಲು ಬೆಳ್ಯಾಕತ್ತಾವೋ, ಖೋಲಿ ಸಣ್ಣ ಆಗಾಕತ್ತದೋ?”

ನಾನು ಸುತ್ತಿಗೆ ಕೆಳಗಿಟ್ಟೆ. ಟೇಪು ತೆಗೆದುಕೊಂಡು ಬಾಗಿಲ ಕಡೆಯ ಗೋಡೆ ಅಳೆದೆ. ಹದಿನಾರು ಅಡಿ. ಹಿಂದಿನ ಗೋಡೆ ಅಳೆದೆ. ಹದಿನಾಲ್ಕೂವರೆ. ಜಾಗ ಹಿಂದಕ್ಕೆ ಹೋದಂತೆ ಎರಡೂ ಕಡೆಯಿಂದ ಸರಿಸಮನಾಗಿ ಕಿರಿದಾಗಿತ್ತು, ಮೊರದ ಆಕಾರದಲ್ಲಿ. ಎರಡೂ ಬದಿಯ ಗೋಡೆ ಒಂದೇ ಉದ್ದ, ಒಂದೇ ಓರೆ. ಹಾಗಾಗಿ ಕರ್ಣಗಳೂ ಸಮ. ಅದು ತ್ರಾಪಿಜ್ಯ. ಆಯತ ಅಲ್ಲ.

ಅರ್ಧ ಹಾಸಿದ ನೆಲದ ಮೇಲೆ ಕೂತುಬಿಟ್ಟೆ. ಮಾಸ್ತರರು ಕೇಳಿದ ಮಾತು ಹತ್ತು ವರ್ಷದ ಮೇಲೆ ಕಿವಿಗೆ ಬಿತ್ತು. ಅದುವರೆಗೆ ನನ್ನ ದಾರ ಸುಳ್ಳು ಹೇಳಿರಲಿಲ್ಲ ನಿಜ. ಏಕೆಂದರೆ ನಾನು ಹೋಗುವ ಮೊದಲೇ ಗೋಡೆ ಕಟ್ಟುವವನು ಎದುರುಬದುರಿನ ಗೋಡೆಗಳನ್ನು ಒಂದೇ ಉದ್ದಕ್ಕೆ ಅಳೆದು ಇಟ್ಟಿರುತ್ತಿದ್ದ. ಅವನು ಮಾಡಿದ ಅರ್ಧದ ಮೇಲೆ ನನ್ನ ಅರ್ಧ ನಿಂತಿತ್ತು. ಆ ಅರ್ಧ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನೇ ತಂಗಿಗೆ ಹೇಳಿಕೊಟ್ಟೆ, ಅವಳು ಅಣ್ಣನ ಮಾತು ಎಂದು ಬರೆದಳು.

ಮೂರು ದಿನದಲ್ಲಿ ಆ ಕೆಲಸ ಮುಗಿಸಿದೆ. ಬದಿಯ ಒಂದೊಂದು ಕಲ್ಲನ್ನೂ ಓರೆಗೆ ಒಡೆದು, ಸಂದು ಕಾಣದಂತೆ ಕೂಡಿಸಿದೆ. ನಾಲ್ಕನೆಯ ದಿನ ಆಳಂದಕ್ಕೆ ಹೋಗುವ ಬಸ್ಸು ಬಿಟ್ಟು, ಎರಡು ಬಸ್ಸು ಬದಲಿಸಿ ಜೇವರ್ಗಿಗೆ, ಅಲ್ಲಿಂದ ಇಜೇರಿಗೆ ಹೋದೆ.

ಮಧ್ಯಾಹ್ನದ ಹೊತ್ತು. ಗಂಡ ಹೊಲಕ್ಕೆ ಹೋಗಿದ್ದ. ತಂಗಿ ಪಡಸಾಲೆಯಲ್ಲಿ ಯಾರದೋ ಕುಬಸದ ಖಣ ಹರವಿಕೊಂಡು ಕತ್ತರಿಸುತ್ತಿದ್ದಳು. ಹೇಳದೆ ಕೇಳದೆ ಬಂದವನನ್ನು ನೋಡಿ ಗಾಬರಿಯಾದಳು, ಅವ್ವ ಹೇಗಿದ್ದಾಳೆ ಎಂದು ಮೊದಲು ಕೇಳಿದಳು. ಅವ್ವ ಚೆನ್ನಾಗಿದ್ದಾಳೆ ಎಂದೆ. ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಉಂಡೆ. ಕೈ ತೊಳೆದೆ. ತಪ್ಪು ನನ್ನದು ಎಂಬ ಮಾತನ್ನು ಜೀವಮಾನದಲ್ಲಿ ಯಾರ ಮುಂದೆಯೂ ಆಡಿದವನಲ್ಲ ನಾನು. ಕಡೆಗೆ ಚೌಡಾಪುರದ ಖೋಲಿಯ ಕಥೆ ಹೇಳಿದೆ. ಅವಳು ಕತ್ತರಿ ಕೆಳಗಿಟ್ಟು ಕೇಳಿದಳು.

“ಗಲತ್ ನಂದಿತ್ತವ್ವಾ,” ಅಂದೆ. “ಅವತ್ತು ನಂದೇ ಗಲತ್.”

ಅವಳು ಖಣ ಮಡಚಿ ಪಕ್ಕಕ್ಕೆ ಇಟ್ಟಳು.

“ನನಗ ಗೊತ್ತಿತ್ತಣ್ಣ.”

“ಯಾವಾಗಿಂದ?”

“ಪರೀಕ್ಷಾ ಆದ ವಾರಕ್ಕ. ಕಲ್ಲಿನ ಮ್ಯಾಲ ಬರದು ನೋಡಿದ್ದೆ. ಮ್ಯಾಲ ಸಣ್ಣದು, ಕೆಳಗ ದೊಡ್ಡದು. ಕರ್ಣ ಎರಡೂ ಒಂದೇ ಬಂದ್ವು. ನೀ ಬರೋದ್ರಾಗ ತೊಳದುಬಿಟ್ಟೆ.”

ಯಾಕೆ ಹೇಳಲಿಲ್ಲ, ಅಕ್ಟೋಬರಿನಲ್ಲಿಯಾದರೂ ಹೇಳಬಾರದಿತ್ತೇ ಎಂದೆ. ನನ್ನ ದನಿ ಏರಿತ್ತು, ಅದು ನನಗೇ ಕೇಳಿಸಿತು.

“ಕಾಗದ ತಂದು ನಿನ್ನ ಮುಂದ ಇಟ್ಟಿದ್ನಲ್ಲ. ನಿನ್ನ ಮಾರಿ ನೋಡಿ ಬಾಯಿ ಬರ್ಲಿಲ್ಲ. ಊರೆಲ್ಲಾ ನಿನ್ನ ದಾರದ ಮ್ಯಾಲ ನಂಬಿಕಿ ಇಟ್ಟಿತ್ತು, ನಾ ಹೆಂಗ ಸುಳ್ಳು ಅನ್ಲಿ?”

ಈಗ ಪರೀಕ್ಷೆಗೆ ಕೂಡು, ಹೊರಗಿನಿಂದ ಕಟ್ಟಬಹುದು, ನಾನು ಅರ್ಜಿ ತರುತ್ತೇನೆ ಎಂದೆ. ಅವಳು ನಕ್ಕಳು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಟೀಚರ್ ಆಗುವ ವಯಸ್ಸು ದಾಟಿತು, ಬರೀ ಪಾಸಾಗಿ ಏನು ಮಾಡಲಿ ಎಂದಳು. ಆಮೇಲೆ ಇದ್ದಕ್ಕಿದ್ದಂತೆ, ಆ ಕೊಡದ ಕೆಳಗಿನ ಕಲ್ಲು ಇನ್ನೂ ಇದೆಯೇ ಎಂದು ಕೇಳಿದಳು. ಇದೆ ಎಂದೆ.

“ಅದು ನನಗ ಬಗೀಹರದದ,” ಅಂದಳು.

ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ ತೆಗೆದುಕೊಂಡು ಪಡಸಾಲೆಯ ನೆಲದ ಮೇಲೆ ಒಂದು ಸೊಟ್ಟ ಚತುರ್ಭುಜ ಬರೆದಳು. ನಾಲ್ಕು ಮಧ್ಯಬಿಂದು ಇಟ್ಟಳು, ಸೇರಿಸಿದಳು. ನಾನು ಅವಳ ಎದುರು ಕುಕ್ಕರುಗಾಲಿನಲ್ಲಿ ಕೂತೆ. ಆಗ ಅವಳು ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದಳು.

“ನಾವು ಇದನ್ನ ಹಾಕೇ ಇರ್ಲಿಲ್ಲ ನೋಡು. ನಿನ್ನ ದಾರ. ಈಗ ಎರಡು ತ್ರಿಕೋನ ಆದ್ವು. ಇದೊಂದು ತ್ರಿಕೋನ ಹಿಡಿ. ಎರಡು ಬಾಜೂದ ಮಧ್ಯಬಿಂದು ಕೂಡಿಸಿದ್ರ ಆ ಗೆರಿ ಮೂರನೇ ಬಾಜೂಕ ಸಮಾಂತರ, ಅದರ ಅರ್ಧ. ಮೂರನೇ ಬಾಜೂ ಯಾವ್ದು?”

“ದಾರ,” ಅಂದೆ.

ಎಲ್ಲಿ ಕಂಡುಹಿಡಿದೆ ಎಂದೆ. ಕುಬಸಕ್ಕೆ ಬಟ್ಟೆ ಮಡಚುವಾಗ ಮಡಿಕೆಯ ಗೆರೆ ಮೂಲೆಯಿಂದ ಮೂಲೆಗೆ ಬಿದ್ದದ್ದು ನೋಡಿ ಹೊಳೆಯಿತಂತೆ, ಮದುವೆಯಾದ ಎರಡನೇ ವರ್ಷದಲ್ಲಿ. ಎಂಟು ವರ್ಷದಿಂದ ಇಟ್ಟುಕೊಂಡಿದ್ದಳು. ನಾನು ಬಂದಾಗಲೆಲ್ಲ ಹೇಳಬೇಕು ಅನಿಸುತ್ತಿತ್ತಂತೆ. ಹೇಳಿದರೆ ಉಳಿದದ್ದೂ ಹೇಳಬೇಕಾಗುತ್ತದೆ ಎಂದು ನುಂಗಿಕೊಂಡಿದ್ದಳು. ಎರಡನೇ ತ್ರಿಕೋನಕ್ಕೆ ಬರುವಷ್ಟರಲ್ಲಿ ಜೇವರ್ಗಿಯ ಬಸ್ಸಿನ ಹಾರ್ನ್ ಕೇಳಿತು. ಅದು ತಪ್ಪಿದರೆ ಅಂದು ಬೇರೆ ಬಸ್ಸಿಲ್ಲ. ಇರು ಎಂದು ಅವಳು ಅನ್ನಲಿಲ್ಲ, ಇರುತ್ತೇನೆ ಎಂದು ನಾನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಆಳಂದದಲ್ಲಿ ಕೆಲಸ ಒಪ್ಪಿಕೊಂಡಿದ್ದೆ. ಓಡಿದೆ.

ಬಸ್ಸಿನ ಕಿಟಕಿಯ ಪಕ್ಕ ಕೂತು ಗಾಜಿನ ಧೂಳಿನ ಮೇಲೆ ಬೆರಳಿನಿಂದ ಚತುರ್ಭುಜ ಬರೆದೆ. ದಾರ ಎಳೆದೆ. ಅವಳು ಮುಗಿಸಿದ ತ್ರಿಕೋನ ದಾರದ ಈಚೆಗೆ, ಬಾಕಿ ಉಳಿದದ್ದು ಆಚೆಗೆ. ಆಚೆಗೂ ಅದೇ ಮಾತು. ಅಲ್ಲಿಯ ಗೆರೆಯೂ ದಾರಕ್ಕೆ ಸಮಾಂತರ, ಅದರ ಅರ್ಧ. ಹಾಗಾದರೆ ಈಚಿನ ಗೆರೆ, ಆಚಿನ ಗೆರೆ ಒಂದಕ್ಕೊಂದು ಸಮ, ಒಂದಕ್ಕೊಂದು ಸಮಾಂತರ. ಎದುರುಬದುರಿನ ಒಂದು ಜೋಡಿ ಹಾಗಿದ್ದರೆ ಅದು ಸಮಾಂತರ ಚತುರ್ಭುಜ. ನನ್ನ ನೋಟ್‌ಬುಕ್ಕಿನ ಕಡೆಯ ಸಾಲು ಅದು. ಅದಕ್ಕಿಂತ ಹೆಚ್ಚಿನದೇನೂ ಬೇಕಾಗಿರಲಿಲ್ಲ, ಆ ಸಂಜೆಗಳಲ್ಲೂ ಬೇಕಾಗಿರಲಿಲ್ಲ. ಬಂತು ಬಂತು ಎಂದು ಬಾಯಿಬಿಟ್ಟೇ ಅಂದೆನೇನೋ, ಪಕ್ಕದವರು ಯಾವ ಊರು ಬಂತು ಎಂದು ಹೊರಗೆ ಇಣುಕಿದರು. ಇಳಿದು ವಾಪಸ್ ಹೋಗಿ ತಂಗಿಗೆ ತೋರಿಸಬೇಕು ಅನಿಸಿತು. ಬಸ್ಸು ಜೇವರ್ಗಿ ಹತ್ತಿರ ಬಂದಿತ್ತು.

ಮನೆಗೆ ಬಂದು ಕೊಡ ಸರಿಸಿದೆ. ವರ್ಷಗಟ್ಟಲೆ ನೀರು ಬಿದ್ದು ಕಲ್ಲು ಹಸಿರುಗಟ್ಟಿತ್ತು, ಆದರೂ ಕೊರೆದ ಗೆರೆ ಹಾಗೇ ಇತ್ತು. ಮೊಳೆ ತೆಗೆದುಕೊಂಡು ಮೂಲೆಯಿಂದ ಮೂಲೆಗೆ, ಇಲ್ಲದಿದ್ದ ಆ ಒಂದು ಗೆರೆ ಕೊರೆದೆ. ಅವ್ವ ಬಂದು ನಿಂತು ನೋಡಿದಳು. ಅವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

“ಮುಗೀತೇನು?” ಅಂದಳು.

ಮುಗಿಯಿತು ಎಂದೆ. ಕೊಡ ಎತ್ತಿ ಮತ್ತೆ ಅದರ ಮೇಲೆ ಇಟ್ಟಳು.